ಮೊದಲ ಪುಟದ ಏಡಿ

ನನಗೆ ಓದಲು ಬಾರದ ಪತ್ರಿಕೆಯೊಂದನ್ನು ಮೂವತ್ತಮೂರು ವರ್ಷ ಅಚ್ಚು ಹಾಕಿದೆ. ಓದಲು ಬರುವ ಪತ್ರಿಕೆಯೊಂದನ್ನು ನಾನೇ ಬರೆದು, ನಾನೇ ಅಚ್ಚು ಹಾಕಿ, ನಾನೇ ಹಂಚಿದ್ದು ಇಪ್ಪತ್ತೊಂಬತ್ತು ವರ್ಷ. ಮೊದಲನೆಯದನ್ನು ಜನ ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಓದಿದರು. ಎರಡನೆಯದನ್ನು ಹಾಸಿಕೊಂಡು ಚಿತ್ರಾನ್ನ ತಿಂದರು. ಈ ಬರಹದಲ್ಲಿ ಹೊಟ್ಟೆಕಿಚ್ಚು ಬಹಳವಿದೆ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಯಾರೂ ಕಂಡುಹಿಡಿದೆವೆಂದು ಬೀಗಬೇಕಾಗಿಲ್ಲ.

ಪ್ರೆಸ್ಸಿನ ಕೆಲಸಕ್ಕೆ ಈಗಲೂ ಹುಡುಗರು ಸೇರುತ್ತಿದ್ದಾರಂತೆ, ಕಂಪ್ಯೂಟರಿನ ಮುಂದೆ ಕೂರುವ ಕೆಲಸಕ್ಕೆ. ಅವರಿಗಾಗಿ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಗೋಡೆಗೆ ತೂಗುಹಾಕುವ ಫಲಕ ಇವುಗಳ ವಿಷಯ ಇಲ್ಲಿ ಬರುವುದಿಲ್ಲ. ಬಂದಿದ್ದರೆ ಬರೆಯುತ್ತಿದ್ದೆ.

ಏಳನೆಯ ತರಗತಿಗೆ ಶಾಲೆ ಬಿಟ್ಟು ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಲು ನಿಂತವನು ನಾನು. ಕಲಿಸಿದವರು ರಾಮಣ್ಣನವರು. ಕಣ್ಣು ಮುಚ್ಚಿಸಿ ಅಕ್ಷರದ ಮನೆಗಳಿಂದ ಮೊಳೆ ತೆಗೆಸುತ್ತಿದ್ದರು. ತಪ್ಪಿದರೆ ಗೆಣ್ಣಿನ ಮೇಲೆ ಏಟು. ಅವರ ಒಂದು ನಿಯಮ ನನ್ನ ಮೈಯೊಳಗೆ ಇಳಿದುಬಿಟ್ಟಿತ್ತು: ಪುಟದಲ್ಲಿ ಎಲ್ಲೂ ಬಿಳಿ ಜಾಗ ಉಳಿಯಕೂಡದು. ವಿಷಯ ಸಾಲದೆ ಬಂದರೆ ಬಳ್ಳಿ ಹಾಕು, ನಕ್ಷತ್ರ ಹಾಕು, ಸಾಬೂನಿನ ಜಾಹೀರಾತು ಹಾಕು. ತೂತು ಬಿಟ್ಟು ಪುಟ ಕಳಿಸುವವನು ಗುಂಡಿ ಹಾಕದೆ ಮದುವೆಗೆ ಹೋಗುವವನ ಹಾಗೆ ಎನ್ನುತ್ತಿದ್ದರು. ನಾನು ಕಲಿತ ವಿದ್ಯೆಯೆಲ್ಲ ಅಷ್ಟೇ, ಅದನ್ನು ಚೆನ್ನಾಗಿ ಕಲಿತೆ.

ಹೆಂಡತಿ ಜಯಮ್ಮನ ಅಣ್ಣ ಎಂಜಿನಿಯರ್. ಅವರು ಕಾಗದ ಹಾಕಿ ನಮ್ಮನ್ನು ಅಮೆರಿಕಕ್ಕೆ ಕರೆಸಿಕೊಂಡರು. ವುಡ್‌ಬ್ರಿಡ್ಜ್ ಎಂಬ ಊರಿನಲ್ಲಿ ರೈಲು ಹಳಿಯ ಪಕ್ಕದ ಒಂದು ದೊಡ್ಡ ಶೆಡ್ಡಿನಲ್ಲಿ ನನಗೆ ಕೆಲಸ ಸಿಕ್ಕಿತು. ಚರ್ಚಿನ ಪತ್ರ, ಅಂಗಡಿಗಳ ಸೇಲಿನ ಹಾಳೆ ಎಲ್ಲ ಅಲ್ಲಿ ಅಚ್ಚಾಗುತ್ತಿದ್ದವು. ಆದರೆ ಶೆಡ್ಡಿನ ಹೊಟ್ಟೆ ತುಂಬಿಸುತ್ತಿದ್ದದ್ದು ಮ್ಯಾನ್‌ಹಟನ್ನಿನ ಚೈನಾಟೌನಿನಿಂದ ಬರುತ್ತಿದ್ದ ಒಂದು ಚೀನೀ ದಿನಪತ್ರಿಕೆ. ಪತ್ರಿಕೆ ಎಂದರೆ ರಾತ್ರಿ ಪಾಳಿ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಹಾಗಿರಲಿಲ್ಲ. ಅವರ ದೇಶದಲ್ಲಿ ಕತ್ತಲಾದಾಗ ನಮಗೆ ಬೆಳಗು. ಅಲ್ಲಿ ದಿನವಿಡೀ ನಡೆದದ್ದು ಬೆಳಗ್ಗೆ ಹತ್ತಕ್ಕೆ ಪುಟವಾಗಿ ವ್ಯಾನಿನಲ್ಲಿ ಬರುತ್ತಿತ್ತು. ಮಧ್ಯಾಹ್ನ ಅಚ್ಚಾಗಿ, ಅಂಗಡಿಯವರು ಸಂಜೆಯ ಊಟಕ್ಕೆ ಕೂರುವ ಮುಂಚೆ ಚೈನಾಟೌನಿಗೆ ಮುಟ್ಟುತ್ತಿತ್ತು.

ಆಗಿನ ವಿಧಾನವನ್ನು ಒಮ್ಮೆ ಹೇಳಬೇಕು. ಅಕ್ಷರಗಳ ಪಟ್ಟಿಗಳನ್ನು ಕತ್ತರಿಸಿ, ಬೆನ್ನಿಗೆ ಮೇಣ ಸವರಿ, ದಪ್ಪ ಹಾಳೆಯ ಮೇಲೆ ಅಂಟಿಸಿದರೆ ಪುಟ. ಅದರ ಫೋಟೋ ತೆಗೆದರೆ ನೆಗೆಟಿವ್. ನೆಗೆಟಿವ್‌ಗಳನ್ನು ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹರವಿ, ಕತ್ತರಿಸಿ ಜೋಡಿಸಿ, ಟೇಪು ಹಚ್ಚಿ, ಅದರಿಂದ ಅಚ್ಚು ಹಾಕುವ ಪ್ಲೇಟು. ಆ ಗಾಜಿನ ಮೇಜು ನನ್ನದು. ಅಕ್ಷರ ಓದಲು ಬರದಿದ್ದರೂ ಪುಟದ ಮುಖ ನೋಡಿದರೆ ನನಗೆ ಗೊತ್ತಾಗುತ್ತಿತ್ತು: ಇದು ಮದುವೆ, ಇದು ಸಾವು, ಇದು ಕುದುರೆ ರೇಸು.

ಪುಟಗಳ ಜೊತೆ ವ್ಯಾನಿನಲ್ಲಿ ಬರುತ್ತಿದ್ದವನು ಲಾವ್. ಹಾಂಗ್‌ಕಾಂಗಿನವನು, ನನಗಿಂತ ಹತ್ತು ವರ್ಷ ದೊಡ್ಡವನು, ನನ್ನ ಹಾಗೆಯೇ ಚಿಕ್ಕಂದಿನಲ್ಲಿ ಮೊಳೆ ಜೋಡಿಸಿದವನು. ಇಬ್ಬರದೂ ಮುರುಕು ಇಂಗ್ಲಿಷ್, ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಪುಟ್ಟಸ್ವಾಮಿ ಎನ್ನಲು ಬಾರದೆ ನನ್ನನ್ನು ಪುಟ್ಟ ಎನ್ನುತ್ತಿದ್ದ. ಒಂದು ದಿನ ಮೈಸೂರಿನ ಅಕ್ಷರದ ಮನೆಗಳ ಬಗ್ಗೆ ಕೊಚ್ಚಿಕೊಂಡೆ. ಅವನು ಸುಮ್ಮನೆ ಶೆಡ್ಡಿನ ಉದ್ದದ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ತೋರಿಸಿದ. ಅವರ ಅಕ್ಷರದ ಮನೆಗಳು ಅಷ್ಟು ಉದ್ದವಂತೆ. ಹುಡುಗರು ನಡೆದುಕೊಂಡು ಹೋಗಿ ಮೊಳೆ ತರುತ್ತಿದ್ದರಂತೆ. ಅವತ್ತು ಮೊದಲ ಸಲ ಹೊಟ್ಟೆಯಲ್ಲಿ ಏನೋ ಚುರುಕ್ ಎಂದಿತು.

ಇನ್ನೊಂದು ಚುರುಕು ಅವನ ಒಂದು ಮಾತಿನಿಂದ. ಚೈನಾಟೌನಿನಲ್ಲಿ ಒಂದೊಂದು ಜಿಲ್ಲೆಯವರಿಗೆ ಒಂದೊಂದು ಸಂಘ, ಒಂದೊಂದು ಮಾತು. ಕ್ಯಾಂಟನ್ನಿನವನು ಹೇಳಿದ್ದು ಫುಜಿಯಾನಿನವನಿಗೆ ತಿಳಿಯದು. "ಬಾಯಿ ತೆಗೆದರೆ ನಾವು ಬೇರೆ ಬೇರೆ ಜನ. ಪೇಪರ್ ತೆಗೆದರೆ ಒಂದೇ ಜನ," ಎಂದ ಲಾವ್. ನಮ್ಮಲ್ಲಿ ಅದು ತಿರುಗುಮುರುಗು. ಮೈಸೂರಿನವರಿಗೂ ಧಾರವಾಡದವರಿಗೂ ಮಾತು ತಿಳಿಯುತ್ತದೆ. ಆದರೂ ಮುಂದೊಮ್ಮೆ ಧಾರವಾಡದ ಒಬ್ಬ ತಾಯಿ ತಮ್ಮ ಕಡೆಯ ಮಾತಿನಲ್ಲೇ ಬರೆದ ಪತ್ರವನ್ನು ನನ್ನ ಪತ್ರಿಕೆಯಲ್ಲಿ ಇದ್ದ ಹಾಗೇ ಅಚ್ಚು ಹಾಕಿದ್ದಕ್ಕೆ, ಪ್ರೂಫ್ ನೋಡುವುದಿಲ್ಲವೇ ಎಂದು ಮೈಸೂರಿನ ಮೂವರು ಫೋನ್ ಮಾಡಿದರು.

ಬೀಜಿಂಗಿನ ಚೌಕದಲ್ಲಿ ವಿದ್ಯಾರ್ಥಿಗಳು ಪ್ರಜಾಪ್ರಭುತ್ವ ಬೇಕೆಂದು ಬಂದು ಕೂತ ವಸಂತದಲ್ಲಿ ಆ ಪತ್ರಿಕೆಯ ಮುಖ ಬದಲಾಯಿತು. ಭಾಷೆ ಬರಬೇಕಾಗಿಲ್ಲ, ಗಾಜಿನ ಮೇಜಿನ ಮೇಲೆ ಎಲ್ಲ ಕಾಣುತ್ತದೆ. ತಲೆಬರಹ ದಿನದಿನಕ್ಕೆ ದಪ್ಪವಾಯಿತು. ಮದುವೆಗಳು ಒಳಪುಟಕ್ಕೆ ಸರಿದವು. ಚೌಕಟ್ಟು ಹಾಕಿದ ಹೇಳಿಕೆಗಳು ಬರತೊಡಗಿದವು. ಅದು ಅವರ ಪದ್ಧತಿ: ಊರಿನಲ್ಲಿ ಏನಾದರೂ ಆದರೆ ಇಲ್ಲಿನ ಪ್ರತಿ ಸಂಘವೂ ತಾನು ಯಾವ ಕಡೆ ಎಂದು ಪತ್ರಿಕೆಯಲ್ಲಿ ಹೇಳಬೇಕು, ಕೆಳಗೆ ಎಲ್ಲರ ಹೆಸರು ಹಾಕಬೇಕು. ಹೆಸರುಗಳ ಕ್ರಮ ಹಿರಿತನದ್ದಲ್ಲ, ಹಣದ್ದಲ್ಲ. ಮನೆತನದ ಹೆಸರು ಬರೆಯಲು ಎಷ್ಟು ಗೀಟು ಬೇಕೋ ಆ ಲೆಕ್ಕ. ಕಡಿಮೆ ಗೀಟಿನವನು ಮೊದಲು. ಪಾತ್ರೆ ತೊಳೆಯುವವನು ಮೇಲೆ, ಹೋಟೆಲಿನ ಮಾಲೀಕ ಕೆಳಗೆ, ಯಾರೂ ತಕರಾರು ತೆಗೆಯುವ ಹಾಗಿಲ್ಲ.

ಪತ್ರಿಕೆ ಬರುವುದು ಅರ್ಧ ಗಂಟೆ ತಡವಾದರೆ ಶೆಡ್ಡಿಗೇ ಓದುಗರ ಫೋನು. ನಮ್ಮ ಫೋರ್‌ಮನ್ ಫ್ರ್ಯಾಂಕ್‌ಗೆ ಅವರ ಮಾತು ತಿಳಿಯದು, ಅವರಿಗೆ ಫ್ರ್ಯಾಂಕನ ಬೈಗುಳ ತಿಳಿಯದು. ನಾನು ಕೆಲಸ ಮಾಡುತ್ತಾ ಯೋಚಿಸುತ್ತಿದ್ದೆ: ನಮ್ಮವರೂ ಇಲ್ಲಿ ಇಷ್ಟು ಜನ ಇದ್ದಾರೆ, ಯಾರಾದರೂ ಯಾವುದಕ್ಕಾದರೂ ಹೀಗೆ ಕಾದಿದ್ದಾರೆಯೇ?

ಚೌಕಕ್ಕೆ ಟ್ಯಾಂಕುಗಳು ನುಗ್ಗಿದ ಮೇಲೆ ಬಂದ ಮೊದಲ ಸಂಚಿಕೆಯ ದಿನ ಲಾವ್ ವ್ಯಾನಿನಲ್ಲಿ ಬರಲಿಲ್ಲ. ಪತ್ರಿಕೆಯ ಕಚೇರಿಯ ಮುಂದೆ ಬೀದಿ ತುಂಬ ಜನ ನಿಂತಿದ್ದಾರೆ, ಅವನಿಗೆ ಹೊರಗೆ ಬರಲಾಗಲಿಲ್ಲ ಎಂದು ಡ್ರೈವರ್ ಹೇಳಿದ. ಪುಟಗಳನ್ನು ಮೇಜಿನ ಮೇಲೆ ಇಟ್ಟು ನೋಡಿದೆ. ಮೊದಲ ಪುಟದ ನಡುವೆ ಎರಡು ಕಾಲಂ ಅಗಲದ ಒಂದು ಚೌಕಟ್ಟು. ನಾಲ್ಕು ಕಡೆ ತೆಳು ಗೆರೆ. ಒಳಗೆ ಏನೂ ಇಲ್ಲ.

ಮೇಣದ ಅಂಟು ಬಿಟ್ಟು ತುಂಡುಗಳು ದಾರಿಯಲ್ಲಿ ಉದುರುವುದಿತ್ತು. ಅದಕ್ಕೆ ಎರಡು ತಿಂಗಳ ಹಿಂದೆ ಹಾಗೆ ಉದುರಿದ ತುಂಡೊಂದನ್ನು ವ್ಯಾನಿನ ಸೀಟಿನ ಕೆಳಗಿನಿಂದ ಹುಡುಕಿ ತೆಗೆದು ಲಾವ್‌ನಿಂದ ಭೇಷ್ ಎನ್ನಿಸಿಕೊಂಡಿದ್ದೆ. ಇವತ್ತೂ ವ್ಯಾನಿನೊಳಗೆ ತೆವಳಿ ಹುಡುಕಿದೆ. ಸಿಗಲಿಲ್ಲ. ಕಚೇರಿಗೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಎಂಗೇಜ್. ಫ್ರ್ಯಾಂಕ್ ಗಡಿಯಾರ ನೋಡುತ್ತಿದ್ದ. ಚೌಕಟ್ಟಿನ ಅಳತೆ ನೋಡಿದೆ. ಒಂದು ಸೂಪರ್‌ಮಾರ್ಕೆಟ್ಟಿನವರು ಜೀವಂತ ಏಡಿಯ ಜಾಹೀರಾತು ಕೊಡುತ್ತಿದ್ದರು. ಗಲಾಟೆ ಶುರುವಾಗುವ ಮೊದಲು ಅದು ದಿನವೂ ಮೊದಲ ಪುಟದಲ್ಲೇ ಇರುತ್ತಿತ್ತು. ಅಳತೆ ಹೆಚ್ಚುಕಡಿಮೆ ಅದೇ. ಅದರ ನೆಗೆಟಿವ್ ನನ್ನ ಡ್ರಾಯರಿನಲ್ಲೇ ಇತ್ತು. ಅಂಚು ಸ್ವಲ್ಪ ಕತ್ತರಿಸಿ, ನಾಜೂಕಾಗಿ ಕೂರಿಸಿ, ಟೇಪು ಹಚ್ಚಿದೆ. ಗೆರೆಗೂ ಏಡಿಯ ಕಾಲಿಗೂ ಕೂದಲಿನಷ್ಟು ಅಂತರ. ರಾಮಣ್ಣನವರು ನೋಡಿದ್ದರೂ ತಪ್ಪು ಹೇಳುತ್ತಿರಲಿಲ್ಲ.

ನಿಜ ಹೇಳಬೇಕು, ಬರೀ ನಿಯಮ ಪಾಲಿಸಲು ಮಾಡಿದ್ದಲ್ಲ ಅದು. ಅಷ್ಟು ಜನ ಕಾಯುತ್ತಿರುವ ಆ ಪುಟದಲ್ಲಿ ನನ್ನ ಕೈಯೂ ಇರಲಿ ಅನ್ನಿಸಿತ್ತು. ಓದಲು ಬಾರದವನು ಮೊದಲ ಪುಟ ಉಳಿಸಿದ ಎಂದು ಲಾವ್ ನಾಳೆ ಹೇಳುತ್ತಾನೆ ಎಂದುಕೊಂಡೆ.

ಎರಡು ಗಂಟೆಗೆ ಮೊದಲ ಟ್ರಕ್ಕು ಹೋಯಿತು. ಮೂರೂವರೆಗೆ ಫೋನ್ ಬಂತು. ಫ್ರ್ಯಾಂಕ್ ರಿಸೀವರನ್ನು ಕಿವಿಯಿಂದ ದೂರ ಹಿಡಿದು ಕೇಳಿದ. ಆಮೇಲೆ ಮೊದಲ ಪುಟ ಜೋಡಿಸಿದ್ದು ಯಾರು ಎಂದು ಶೆಡ್ಡಿಗೆಲ್ಲ ಕೇಳಿಸುವ ಹಾಗೆ ಕೂಗಿದ. ಹೊಗಳಿಕೆ ಇಷ್ಟು ಬೇಗ ಬಂತೇ ಎಂದುಕೊಂಡು, ನಾನು ಎಂದು ಕೈ ಎತ್ತಿದೆ.

ಮಷೀನು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಲಾವ್ ವಾಪಸ್ಸು ಬಂದ ಬಂಡಲುಗಳ ಜೊತೆಯಲ್ಲೇ ಬಂದಿಳಿದ. ಕೂಗಾಡಲಿಲ್ಲ. ಒಂದು ಬಂಡಲಿನ ಮೇಲೆ ಕೂತು ಪತ್ರಿಕೆಯನ್ನು ಮಂಡಿಯ ಮೇಲೆ ಹರವಿಕೊಂಡ.

"ಪುಟ್ಟ, ಈ ಚೌಕಟ್ಟಿನಲ್ಲಿ ಏನಿತ್ತು?"

"ಏನೂ ಇರಲಿಲ್ಲ."

"ಅದೇ ಇತ್ತು," ಎಂದ.

ಆಮೇಲೆ ಹೇಳಿದ. ಸಂಪಾದಕರು ಬೆಳಗಿನಿಂದ ಐದು ಸಲ ಬರೆದು ಐದು ಸಲ ಹರಿದರಂತೆ. ಕೊನೆಗೆ, ಜಾಗ ಬಿಡಿ, ಓದುವವರಿಗೆ ತಿಳಿಯುತ್ತದೆ ಎಂದರಂತೆ. ಹಿಂದಿನ ಕಾಲದಲ್ಲಿ ಸರ್ಕಾರ ಸುದ್ದಿಯೊಂದನ್ನು ತೆಗೆಸಿದಾಗ ಅವರ ಪತ್ರಿಕೆಗಳು ಆ ಜಾಗವನ್ನು ಹಾಗೆಯೇ ಖಾಲಿ ಬಿಡುತ್ತಿದ್ದವು. ಅದಕ್ಕೆ ಅವರು ಮಾಡಿನಲ್ಲಿ ಬೆಳಕಿಂಡಿ ತೆಗೆಯುವುದು ಎನ್ನುತ್ತಾರೆ. ನಾನು ಆ ಬೆಳಕಿಂಡಿಗೆ ಏಡಿ ತುರುಕಿದ್ದೆ.

ಫ್ರ್ಯಾಂಕ್ ನನ್ನನ್ನು ಅವತ್ತೇ ಮನೆಗೆ ಕಳಿಸಲು ನಿಂತಿದ್ದ. ಇವನು ಹೋದರೆ ಉದುರಿದ ತುಂಡುಗಳನ್ನು ನೀನು ಹುಡುಕುತ್ತೀಯಾ ಎಂದು ಲಾವ್ ಅವನನ್ನು ಕೇಳಿದ. ಎರಡು ವಾರ ಬಂಡಲು ಕಟ್ಟುವ ಶಿಕ್ಷೆಗೆ ಅದು ಮುಗಿಯಿತು. ಅದಕ್ಕೆ ಮೊದಲು ಏಡಿಯ ಟೇಪು ನಾನೇ ಬಿಚ್ಚಿದೆ, ಪ್ಲೇಟು ನಾನೇ ಮತ್ತೆ ಮಾಡಿದೆ. ಖಾಲಿ ಚೌಕಟ್ಟಿನ ಪತ್ರಿಕೆ ಮಷೀನಿನಿಂದ ಹೊರಗೆ ಬರುವುದನ್ನು ನೋಡಿದಾಗ ನನ್ನ ಕೈ ಏನಾದರೂ ಹಾಕಲು ತುರಿಸುತ್ತಲೇ ಇತ್ತು.

ಆದರೆ ಅಷ್ಟರಲ್ಲಿ ಕೆಲವು ಬಂಡಲು ಮಾರಾಟವಾಗಿದ್ದವು. ಇಂಥ ದಿನ ಮೊದಲ ಪುಟದಲ್ಲಿ ಏಡಿ ಮಾರುತ್ತಾನೆಯೇ ಎಂದು ಜನ ಸೂಪರ್‌ಮಾರ್ಕೆಟ್ಟಿನ ಬಾಗಿಲಿಗೆ ಹೋಗಿ ಉಗಿದರು. ಪಾಪ, ಆ ಮನುಷ್ಯನಿಗೆ ಏನೂ ಗೊತ್ತಿರಲಿಲ್ಲ. ಮಾರನೆಯ ದಿನ ಅವನೂ ಅವರ ಪದ್ಧತಿಯಂತೆ ಹೇಳಿಕೆ ಹಾಕಿಸಿದ: ನಿನ್ನೆಯ ಜಾಹೀರಾತು ನಾನು ಕೊಟ್ಟದ್ದಲ್ಲ, ಮುದ್ರಣಾಲಯದ ಒಬ್ಬ ಕೆಲಸಗಾರನ ತಪ್ಪು. ಲಾವ್ ಅದನ್ನು ನನಗೆ ಓದಿ ಹೇಳಿದ. ನನ್ನ ವಿಷಯ ಅಚ್ಚಿನಲ್ಲಿ ಬಂದದ್ದು ಅದೇ ಮೊದಲು. ನನಗೇ ಓದಲು ಬರಲಿಲ್ಲ.

ಮುಂದಿನ ಭಾನುವಾರ ಲಾವ್ ನನ್ನನ್ನು ಚೈನಾಟೌನಿಗೆ ಕರೆದುಕೊಂಡು ಹೋದ. ಬಾತುಕೋಳಿ ತೂಗುಹಾಕಿದ ಹೋಟೆಲಿನ ಗಾಜಿನ ಮೇಲೆ, ಬಟ್ಟೆ ಒಗೆಯುವ ಅಂಗಡಿಯ ಬಾಗಿಲ ಮೇಲೆ, ಎಲ್ಲೆಲ್ಲೂ ಆ ಮೊದಲ ಪುಟ ಅಂಟಿಸಿತ್ತು. ಖಾಲಿ ಚೌಕಟ್ಟಿನೊಳಗೆ ಪೆನ್ನಿನಲ್ಲಿ, ಕುಂಚದಲ್ಲಿ ಜನ ಬರೆದಿದ್ದರು. ಒಬ್ಬ ಬೀಜಿಂಗಿನಲ್ಲಿ ಓದುತ್ತಿದ್ದ ತನ್ನ ತಂಗಿಯ ಮಗನ ಹೆಸರು ಬರೆದಿದ್ದ. ಒಬ್ಬ ಬರೀ ತನ್ನ ಊರಿನ ಹೆಸರು. ಅದರ ಕೆಳಗೆ ಬೇರೆ ಕೈಬರಹದಲ್ಲಿ ಇನ್ನೊಂದು ಊರು. ಕಳೆದ ತಿಂಗಳವರೆಗೆ ಈ ಎರಡೂರಿನವರು ಒಂದು ಟೇಬಲ್ಲಿಗೆ ಕೂರುತ್ತಿರಲಿಲ್ಲ ಎಂದ ಲಾವ್. ಒಬ್ಬ ಕ್ಷೌರಿಕ ಮಾತ್ರ ಏನೂ ಬರೆಯದೆ ಚೌಕಟ್ಟನ್ನೇ ಕತ್ತರಿಸಿ ತೆಗೆದಿದ್ದ. ಆ ಕಿಂಡಿಯಿಂದ ಒಳಗೆ ಕೂತವರ ಮುಖ ಕಾಣುತ್ತಿತ್ತು.

ತಲೆಬರಹದಲ್ಲಿ ಇದ್ದ ಒಂದು ಪದವನ್ನು ಲಾವ್ ಬೆರಳಿಟ್ಟು ತೋರಿಸಿದ. ಹೊರನಾಡಿನ ನಾವು ಎಂಬ ಅರ್ಥದ್ದು. "ಮೊದಲು ಇದನ್ನ ಸಂಪಾದಕರು ಬರೆಯೋರು, ಜನ ದಾಟಿಕೊಂಡು ಓದೋರು. ಈ ವಾರ ಜನಾನೇ ಬರೆದಿದಾರೆ ನೋಡು."

ನನ್ನ ಹೊಟ್ಟೆಯಲ್ಲಿ ಉರಿದದ್ದನ್ನು ಬರೆಯಲು ನನಗೆ ಬರುವ ಕನ್ನಡ ಸಾಲದು. ಅವರ ದುಃಖ ಕಾಣಲಿಲ್ಲವೆಂದಲ್ಲ. ಕಂಡಿತು. ಅದರ ಪಕ್ಕದಲ್ಲೇ ಇದೂ ಇತ್ತು: ಅಚ್ಚೇ ಇಲ್ಲದ ಜಾಗವನ್ನು ಓದುವ ಓದುಗರು ಇವನಿಗೆ ಸಿಕ್ಕಿದ್ದಾರೆ.

ಆ ಕಿಚ್ಚಿನಲ್ಲೇ 'ಹಜಾರ' ಹುಟ್ಟಿತು. ನಾಲ್ಕು ಪುಟದ ಕನ್ನಡ ಮಾಸಿಕ. ಶುರುವಿನಲ್ಲಿ ಇಲ್ಲಿ ಕನ್ನಡದ ಅಕ್ಷರ ಸಿಗುತ್ತಿರಲಿಲ್ಲ, ನಾನೇ ದುಂಡಗೆ ಕೈಯಲ್ಲಿ ಬರೆದು, ಫೋಟೋ ತೆಗೆದು, ಬೇರೆ ಕೆಲಸ ಮುಗಿದ ಮೇಲೆ ಫ್ರ್ಯಾಂಕನ ಕಣ್ಣು ತಪ್ಪಿಸಿ ಸಣ್ಣ ಮಷೀನಿನಲ್ಲಿ ಅಚ್ಚು ಹಾಕುತ್ತಿದ್ದೆ. ಅವನು ಬೇಕೆಂದೇ ಕಣ್ಣು ತಪ್ಪಿಸಿಕೊಳ್ಳುತ್ತಿದ್ದ ಎಂದು ಈಗ ಅನ್ನಿಸುತ್ತದೆ. ಜ್ಯಾಕ್ಸನ್ ಹೈಟ್ಸ್‌ನ ಸೀರೆ ಅಂಗಡಿಗಳಲ್ಲಿ, ದೇವಸ್ಥಾನದ ಚಪ್ಪಲಿ ಬಿಡುವ ಜಾಗದಲ್ಲಿ, ಮಾನ್ಮತ್ ಜಂಕ್ಷನ್ನಿನ ಶಾಲೆಯ ಹಾಲಿನಲ್ಲಿ ನಡೆಯುವ ಯುಗಾದಿಯಲ್ಲಿ ಇಟ್ಟುಬರುತ್ತಿದ್ದೆ. ಮಳೆ ಬಂದ ದಿನ ಬೇಗ ಖಾಲಿಯಾಗುತ್ತಿತ್ತು, ಬೂಟು ಇಡಲು.

"ನಿಮ್ಮ ಪೇಪರ್ ಓದೋರು ಇಬ್ಬರೇ," ಎನ್ನುತ್ತಿದ್ದಳು ಜಯಮ್ಮ. "ಒಬ್ಬರು ನೀವು, ಇನ್ನೊಬ್ಬಳು ತಪ್ಪು ಹುಡುಕೋ ನಾನು."

ಪದವಿ ಪಡೆದವರ ನಡುವೆ ಏಳನೆಯ ತರಗತಿಯವನು ಸಂಪಾದಕನಾದರೆ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಯುಗಾದಿಯಲ್ಲಿ ಒಬ್ಬ ಹುಡುಗ, ಅಂಕಲ್, ನೀವು ಯಾವ ಫೀಲ್ಡು ಎಂದ. ಪ್ರಿಂಟಿಂಗ್ ಎಂದೆ. "ಓ ನೈಸ್, ಹಾರ್ಡ್‌ವೇರಾ, ಸಾಫ್ಟ್‌ವೇರಾ?" ಎಂದ. ಮಸಿ ಎಂದೆ. ಅವನು ನಕ್ಕು ಹೋಳಿಗೆಯ ಸಾಲಿಗೆ ಹೋದ.

ಚೀನಿಯರ ಪದ್ಧತಿಯನ್ನೂ ತಂದು ನೋಡಿದೆ. ದಾನಿಗಳ ಹೆಸರಿನಲ್ಲಿ ಯಾರು ಮೊದಲು ಎಂಬ ಜಗಳ ತಪ್ಪಿಸಲು ಅಕ್ಷರಮಾಲೆಯ ಕ್ರಮದಲ್ಲಿ ಹಾಕಿದೆ. ಹೃದಯದ ಡಾಕ್ಟರ್ ಹೇಮಣ್ಣನವರು ಫೋನ್ ಮಾಡಿ, ಮೊನ್ನೆ ಎಚ್-ಒನ್ ವೀಸಾದಲ್ಲಿ ಬಂದಿಳಿದ ಅಜಯನ ಹೆಸರಿನ ಕೆಳಗೆ ತಮ್ಮ ಹೆಸರು ಹೇಗೆ ಬಂತು ಎಂದು ವಿಚಾರಿಸಿದರು. ಇದು ಅಕ್ಷರದ ಕ್ರಮ ಡಾಕ್ಟ್ರೇ ಎಂದೆ. "ಆಯ್ತಪ್ಪ, ಮುಂದಿನ ಸಲ ಡಾಕ್ಟರ್ ಅಂತ್ಲೇ ಶುರು ಮಾಡಿ, ಡಕಾರದಲ್ಲಿ ಬರ್ತೀನಿ," ಎಂದರು. ಪುಣ್ಯಾತ್ಮರು ಅಷ್ಟಾದರೂ ಓದಿದ್ದರಲ್ಲ ಎಂದು ನನಗೆ ಒಳಗೊಳಗೆ ಖುಷಿಯಾಯಿತು.

ಕಾಲ ಬದಲಾಯಿತು. ಮೇಣ ಹೋಯಿತು, ನೆಗೆಟಿವ್ ಹೋಯಿತು, ಗಾಜಿನ ಮೇಜಿನ ಮೇಲೆ ಯಾರೋ ಕಾಫಿ ಮಷೀನು ಇಟ್ಟರು. ಕಂಪ್ಯೂಟರಿನಿಂದ ನೇರವಾಗಿ ಪ್ಲೇಟು. ಉದುರಲು ತುಂಡುಗಳಿಲ್ಲ, ಹುಡುಕಲು ನಾನು ಬೇಕಿಲ್ಲ. ನಾನು ಅಚ್ಚಿನ ಮಷೀನಿನ ಕೆಲಸಕ್ಕೆ ಹೋದೆ. ಚೀನೀ ಪತ್ರಿಕೆಗೆ ಹೊಸ ಮಾಲೀಕರು ಬಂದರು. ಹಾಂಗ್‌ಕಾಂಗಿನಲ್ಲಿ ಹುಡುಗರು ಮತ್ತೆ ಬೀದಿಗಿಳಿದ ವರ್ಷ ಅದರ ಮೊದಲ ಪುಟದಲ್ಲಿ ವ್ಯಾಪಾರ ಮೇಳದ ಫೋಟೋ ಇತ್ತು. ಸುದ್ದಿಯನ್ನು ಜನ ಅವರವರ ಫೋನಿನಲ್ಲಿ ಅವರವರಿಗೆ ಬೇಕಾದ ಹಾಗೆ ನೋಡಿಕೊಂಡರು. ಮಗಳು ಒಂದು ನೋಡುತ್ತಾಳೆ, ಅಳಿಯ ಇನ್ನೊಂದು ನೋಡುತ್ತಾನೆ, ಊಟಕ್ಕೆ ಕೂತಾಗ ಯಾರೂ ಮಾತಾಡುವುದಿಲ್ಲ ಎಂದ ಲಾವ್. ಆಗ ಅವನು ನಿವೃತ್ತಿಯಾಗಿ ಫ್ಲಷಿಂಗ್‌ನಲ್ಲಿ ಮಗಳ ಮನೆಯಲ್ಲಿದ್ದ. ಪತ್ರಿಕೆಯ ಹೆಸರೆತ್ತಿದರೆ ತಲೆ ತಗ್ಗಿಸುತ್ತಿದ್ದ. ನನಗೆ ಅದಕ್ಕೂ ಹೊಟ್ಟೆ ಉರಿಯಿತು. ತಲೆ ತಗ್ಗಿಸಲು ಕೂಡ ಅವನಿಗೊಂದು ಪತ್ರಿಕೆ ಇತ್ತು. 'ಹಜಾರ' ಕೆಟ್ಟರೆ ಯಾರಿಗೆ ನಾಚಿಕೆಯಾಗಬೇಕು?

ಅದೇ ವರ್ಷ ಶೆಡ್ಡು ಮುಚ್ಚುತ್ತದೆ ಎಂದು ತಿಳಿಯಿತು. 'ಹಜಾರ'ಕ್ಕೂ ಅದೇ ಕೊನೆ. ಕೊನೆಯ ಸಂಚಿಕೆಯ ಮೊದಲ ಪುಟದ ನಡುವೆ, ಎರಡು ಕಾಲಂ ಅಗಲ, ನಾಲ್ಕು ಕಡೆ ತೆಳು ಗೆರೆ ಎಳೆದೆ. ಒಳಗೆ ಏನೂ ಹಾಕಲಿಲ್ಲ. ಮೂವತ್ತು ವರ್ಷದಿಂದ ಆ ಖಾಲಿ ಜಾಗ ನನ್ನದಾಗಬೇಕೆಂದು ಆಸೆ ಪಟ್ಟಿದ್ದೆ. ಕೊನೆಯ ಸಂಚಿಕೆ ಎಂದು ಎಲ್ಲೂ ಹೇಳಲಿಲ್ಲ. ಯಾರಾದರೂ ನೋಡಿ ಏನಿದು ಎಂದು ಕೇಳಲಿ, ಆಗ ಹೇಳೋಣ ಎಂದುಕೊಂಡೆ. ರಾಜ್ಯೋತ್ಸವದ ದಿನ ಮಾನ್ಮತ್ ಜಂಕ್ಷನ್ನಿನಲ್ಲಿ ಹಂಚಿ ಮನೆಗೆ ಬಂದು ಫೋನಿನ ಹತ್ತಿರ ಕೂತೆ.

ಎರಡನೆಯ ದಿನ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. "ಅಂಕಲ್, ಫ್ರಂಟ್ ಪೇಜಲ್ಲಿ ಅಷ್ಟು ಸ್ಪೇಸ್ ವೇಸ್ಟ್ ಆಗಿದೆಯಲ್ಲ, ನಮ್ಮ ಅನನ್ಯನ ರಂಗಪ್ರವೇಶದ ಫೋಟೋ ಕಳಿಸಿದ್ದೆ, ಹಾಕಬಹುದಿತ್ತಲ್ವಾ?" ಕ್ಷಮೆ ಕೇಳಿದೆ. ಆಮೇಲೆ ಐದಾರು ದಿನ ಯಾರದೂ ಫೋನಿಲ್ಲ. ಮನೆಯ ಪ್ರತಿಯ ಆ ಚೌಕಟ್ಟಿನೊಳಗೆ ಜಯಮ್ಮ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟು ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು.

ಎಂಟನೆಯ ದಿನ ಮಧ್ಯಾಹ್ನ ಲಾವ್ ಫೋನ್ ಮಾಡಿದ. ಇಪ್ಪತ್ತೊಂಬತ್ತು ವರ್ಷ ಪ್ರತಿ ಸಂಚಿಕೆಯನ್ನೂ ಅವನಿಗೆ ಅಂಚೆಯಲ್ಲಿ ಕಳಿಸಿದ್ದೆ. ತೋರಿಸಿಕೊಳ್ಳಲು ಕಳಿಸುತ್ತಿದ್ದೆ. ಅವನು ಏನು ಮಾಡುತ್ತಿದ್ದನೆಂದು ಎಂದೂ ಕೇಳಿರಲಿಲ್ಲ.

ನಮಸ್ಕಾರವಿಲ್ಲ, ಆರೋಗ್ಯ ವಿಚಾರವಿಲ್ಲ. ದನಿ ಇಳಿಸಿ ಕೇಳಿದ: "ಪುಟ್ಟ, ಯಾರು ಹೋದರು?"

ಆ ಕಡೆ ಹಾಳೆ ಮಡಿಸುವ ಸದ್ದು ಕೇಳುತ್ತಿತ್ತು.

"ಯಾರೂ ಹೋಗಿಲ್ಲ. ಪೇಪರ್ ನಿಲ್ಲಿಸ್ತಾ ಇದೀನಿ. ಯಾರಾದರೂ ಗಮನಿಸ್ತಾರಾ ನೋಡೋಣ ಅಂತ ಬಿಟ್ಟೆ."

"ಎಷ್ಟು ಜನ ಕೇಳಿದರು?"

"ನೀನೊಬ್ಬ."

ಏನೋ ಸಮಾಧಾನ ಹೇಳುತ್ತಾನೆಂದು ಕಾದೆ. ಅವನು ಪ್ರೆಸ್ಸಿನವನು.

"ಹಾಗಾದರೆ ಏಡಿ ಹಾಕಬೇಕಿತ್ತು," ಎಂದ.